ರಾಜೀನಾಮೆ ಬರೆಯುವ ಮುನ್ನ ಆದೇಶ ಕೇಳಿ

2022ರ ಫೆಬ್ರವರಿ ಮೂರನೆಯ ವಾರದಲ್ಲಿ ತುಮಕೂರಿನ ಖಾಸಗಿ ಪದವಿಪೂರ್ವ ಕಾಲೇಜೊಂದರ ಇಂಗ್ಲಿಷ್ ಉಪನ್ಯಾಸಕಿಯೊಬ್ಬರು ರಾಜೀನಾಮೆ ಸಲ್ಲಿಸಿದರು. ಮೂರು ವರ್ಷಗಳಿಂದ ಹಿಜಾಬ್ ಧರಿಸಿಯೇ ಪಾಠ ಹೇಳುತ್ತಿದ್ದ ತಮಗೆ ಈಗ ಅದನ್ನು ತೆಗೆಯುವಂತೆ ಹೇಳಲಾಗಿದೆ, ಇದನ್ನು ಸಹಿಸಲಾಗದು ಎಂಬುದು ಅವರು ಕೊಟ್ಟ ಕಾರಣ. ತಾವು ಹಾಗೆ ಹೇಳಿಯೇ ಇಲ್ಲ ಎಂಬುದು ಕಾಲೇಜಿನ ಪ್ರಾಂಶುಪಾಲರ ಉತ್ತರ. ಆ ರಾಜೀನಾಮೆ ಪತ್ರದ ಛಾಯಾಚಿತ್ರವನ್ನು ನಾವೆಲ್ಲರೂ ಮೊಬೈಲಿನಿಂದ ಮೊಬೈಲಿಗೆ ದಾಟಿಸಿದೆವು. ‘ಶಹಬ್ಬಾಸ್ ಸಹೋದರಿ’ ಎಂದೆವು. ಶಿರಾದಲ್ಲಿ, ಮಧುಗಿರಿಯಲ್ಲಿ ಜುಮಾದ ನಂತರ ಮಸೀದಿಯ ಮೆಟ್ಟಿಲ ಮೇಲೆ ಅದೇ ಮಾತು. ವಾರ ಕಳೆಯಿತು. ಹೊಸ ಸುದ್ದಿ ಬಂತು. ಪತ್ರ ಹಳೆಯದಾಯಿತು.

ಆ ವಾರ ಕಳೆಯುವುದರೊಳಗೆ ನಡೆದ ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಮೊಬೈಲಿನಲ್ಲಿ ದಾಟಿಸಲಿಲ್ಲ. ಶಿರವಸ್ತ್ರದ ಕುರಿತು ರಾಜ್ಯ ಹೈಕೋರ್ಟಿನ ತ್ರಿಸದಸ್ಯ ಪೀಠವು ಫೆಬ್ರವರಿ 10ರಂದು ನೀಡಿದ್ದ ಮಧ್ಯಂತರ ಆದೇಶವು ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯವಾಗುವುದೆಂದು ಅದೇ ಪೀಠ ಫೆಬ್ರವರಿ 23ರಂದು ವಿಚಾರಣೆಯ ವೇಳೆ ಸ್ಪಷ್ಟಪಡಿಸಿತು. ಶಿಕ್ಷಕಿಯರನ್ನೂ ಗೇಟಿನಲ್ಲಿ ತಡೆಯಲಾಗುತ್ತಿದೆ ಎಂದು ವಕೀಲರೊಬ್ಬರು ನ್ಯಾಯಾಲಯದ ಗಮನ ಸೆಳೆದಾಗ ಬಂದ ಮಾತಿದು. ಅಂದರೆ, ರಾಜ್ಯದಲ್ಲಿ ಎಲ್ಲೆಲ್ಲಿ ಯಾವ ಯಾವ ಶಿಕ್ಷಕಿಗೆ ‘ಕೋರ್ಟಿನ ಆದೇಶವಿದೆ, ತೆಗೆದು ಬನ್ನಿ’ ಎಂದು ಬಾಯಿಮಾತಿನಲ್ಲಿ ಹೇಳಲಾಗಿತ್ತೋ ಆ ಮಾತಿಗೆ ಆದೇಶದ ಆಧಾರವೇ ಇರಲಿಲ್ಲ. ಲಿಖಿತವಾಗಿ ಕೊಡಿ ಎಂದು ಕೇಳಿದ್ದರೆ ಬರೆದುಕೊಡುವ ಧೈರ್ಯ ಎಷ್ಟು ಆಡಳಿತ ಮಂಡಳಿಗಳಿಗಿತ್ತು? ನಮ್ಮ ಉತ್ತರ: ಬಹಳ ಕಡಿಮೆ.

ನಾವು ಆ ಸಹೋದರಿಯನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಆ ಕ್ಷಣದಲ್ಲಿ ಒಬ್ಬಂಟಿಯಾಗಿ ನಿಂತವರ ಸ್ಥಿತಿ ಅವರಿಗೇ ಗೊತ್ತು. ನಮ್ಮ ದೂರು ಇರುವುದು ಚಪ್ಪಾಳೆ ತಟ್ಟಿದ ನಮ್ಮ ಮೇಲೆ. ಅನ್ಯಾಯಕ್ಕೊಳಗಾದ ನೌಕರ ಕೆಲಸ ಬಿಟ್ಟು ಬಂದರೆ ಅದನ್ನು ವಿಜಯವೆಂದು ಬಗೆಯುವ ಒಂದು ವಿಚಿತ್ರ ಸಂಸ್ಕೃತಿ ನಮ್ಮಲ್ಲಿ ಬೆಳೆದಿದೆ. ಕಾನೂನಿನ ಕಣ್ಣಿಗೆ ಅದು ಹಾಗಲ್ಲ. ಮಾಲೀಕ ತೆಗೆದುಹಾಕಿದರೆ ಅವನು ಕಾರಣ ಹೇಳಬೇಕು, ನೋಟಿಸು ಕೊಡಬೇಕು, ವಿಚಾರಣೆ ನಡೆಸಬೇಕು. ನೌಕರನೇ ಬಿಟ್ಟು ಹೋದರೆ ಯಾವುದೂ ಬೇಕಿಲ್ಲ. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆಯನ್ನು ನ್ಯಾಯಾಲಯಗಳು ವಜಾ ಎಂದೇ ಪರಿಗಣಿಸಿದ ಪ್ರಸಂಗಗಳಿವೆ ನಿಜ. ಆದರೆ ಒತ್ತಾಯವಿತ್ತೆಂದು ಸಾಬೀತುಪಡಿಸುವ ಹೊರೆ ಆಗ ನೌಕರನ ತಲೆಯ ಮೇಲೆ ಬೀಳುತ್ತದೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಮು ಖಾಸಗಿ ವಿದ್ಯಾಸಂಸ್ಥೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎನ್ನುತ್ತದೆ. 94ನೇ ಕಲಮಿನಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬಹುದು. ಈ ಬಾಗಿಲುಗಳು ತೆರೆಯುವುದು ವಜಾ ಆದೇಶವೆಂಬ ಬೀಗದ ಕೈಯಿಂದ. ರಾಜೀನಾಮೆ ಪತ್ರದಿಂದಲ್ಲ.

ಅಧಿಕಾರಸ್ಥರು ಈ ಗುಟ್ಟನ್ನು ಚೆನ್ನಾಗಿ ಬಲ್ಲರು. ಅದೇ ವರ್ಷ ಏಪ್ರಿಲ್‌ನಲ್ಲಿ, ನಮ್ಮದೇ ಜಿಲ್ಲೆಯ ತಿಪಟೂರಿನ ಶಾಸಕರೂ ಅಂದಿನ ಶಿಕ್ಷಣ ಸಚಿವರೂ ಆಗಿದ್ದ ಬಿ.ಸಿ. ನಾಗೇಶ್ ಅವರು, ಹಿಜಾಬ್ ಬಿಡಲೊಪ್ಪದ ಶಿಕ್ಷಕಿಯರನ್ನು ಪರೀಕ್ಷಾ ಕರ್ತವ್ಯಕ್ಕೆ ಒತ್ತಾಯಿಸುವುದಿಲ್ಲ ಎಂದರು. ಎಂಥ ಸೌಜನ್ಯ! ಹೊರಗಿಡುತ್ತೇವೆ ಎಂಬುದನ್ನು ‘ಒತ್ತಾಯಿಸುವುದಿಲ್ಲ’ ಎಂಬ ಮೃದು ಮಾತಿನಲ್ಲಿ ಹೇಳುವುದು ಸಹ ಒಂದು ರಾಜಕೀಯ ವಿದ್ಯೆ.

ಈಗ ತುಮಕೂರಿನಿಂದ ಉತ್ತರಕ್ಕೆ, ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಕೆಲಸದಿಂದ ತೆಗೆಯುವುದಕ್ಕೆ ರಾಜೀನಾಮೆಯ ಕಾಗದವೂ ಬೇಕಿಲ್ಲ. ‘ನಾಳೆಯಿಂದ ಬರಬೇಡಪ್ಪ’ ಎಂದರೆ ಮುಗಿಯಿತು. ಶಿರಾ ಪೇಟೆಯ ಅಂಗಡಿಯಲ್ಲಿ ಹತ್ತು ವರ್ಷ ಲೆಕ್ಕ ಬರೆದವನ ಕೈಯಲ್ಲಿ ತಾನು ಅಲ್ಲಿದ್ದೆನೆಂಬುದಕ್ಕೆ ಒಂದು ಚೀಟಿಯಿಲ್ಲ. ಕೊರಟಗೆರೆಯ ಹುಡುಗರು ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಬಸ್ಸು ಹಿಡಿಯುತ್ತಾರೆ. ಕಾರ್ಖಾನೆಯ ಹೆಸರು ಗೊತ್ತು, ತಮ್ಮ ಗುತ್ತಿಗೆದಾರನ ಪೂರ್ಣ ಹೆಸರು ಗೊತ್ತಿಲ್ಲ. ಮಧುಗಿರಿಯಂಥ ಊರಿನ ಖಾಸಗಿ ಶಾಲೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಬಿ.ಎಡ್. ಮುಗಿಸಿ ಪಾಠ ಹೇಳುತ್ತಾರೆ; ಪರೀಕ್ಷೆ ಮುಗಿದೊಡನೆ ಮನೆಗೆ, ಜೂನ್ ಬಂದರೆ ಮತ್ತೆ ಕರೆ. ಬೇಸಿಗೆಯ ಎರಡು ತಿಂಗಳು ಸಂಬಳವಿಲ್ಲ. ಸಹಿ ಹಾಕುವ ಮೊತ್ತವೊಂದು, ಕೈಗೆ ಬರುವ ಮೊತ್ತ ಇನ್ನೊಂದು ಎಂಬ ಶಾಲೆಗಳೂ ಇವೆ.

ಪಾವಗಡದ ಕಥೆಯೇ ಬೇರೆ. ತಿರುಮಣಿಯ ಸುತ್ತಲಿನ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕಿಗೆ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಇಡೀ ದೇಶ ಕೊಂಡಾಡಿತು. ಭೂಮಿಯಿದ್ದವರಿಗೆ ಎಕರೆಗೆ ಗುತ್ತಿಗೆ ಹಣ ಬಂತು. ಆ ಭೂಮಿಯಲ್ಲಿ ಕೂಲಿ ಮಾಡಿಕೊಂಡು, ಕುರಿ ಮೇಯಿಸಿಕೊಂಡು ಇದ್ದವರಿಗೆ ಏನು ಬಂತು? ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು. ಅದೂ ಗುತ್ತಿಗೆದಾರನ ಮೂಲಕ. ಗುತ್ತಿಗೆದಾರ ಬದಲಾದರೆ ಹಿಂದಿನ ಬಾಕಿಗೆ ಯಾರನ್ನು ಕೇಳಬೇಕೆಂದು ಕೂಲಿಯವನಿಗೆ ತಿಳಿಯದು. ಕಾನೂನು ಮಾತ್ರ ಇದನ್ನು ಸಂದೇಹಕ್ಕೆ ಬಿಟ್ಟಿಲ್ಲ: ಗುತ್ತಿಗೆದಾರ ಕೊಡದಿದ್ದರೆ ಯಾರಿಗಾಗಿ ಕೆಲಸ ನಡೆಯಿತೋ ಆ ಮೂಲ ಸಂಸ್ಥೆಯೇ ಕೂಲಿ ತೆರಬೇಕು. ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಪರಿಶಿಷ್ಟರೂ ಹಿಂದುಳಿದವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ.

ಈಗ ಕಹಿ ಸತ್ಯಕ್ಕೆ ಬರೋಣ. ‘ಧರ್ಮದ ಕಾರಣಕ್ಕೆ ತಾರತಮ್ಯ ಮಾಡುವುದು ಸಂವಿಧಾನ ವಿರೋಧಿ’ ಎಂದು ನಮ್ಮ ವೇದಿಕೆಗಳಲ್ಲಿ ದಿನಬೆಳಗಾದರೆ ಭಾಷಣ ಕೇಳುತ್ತೇವೆ. ಭಾಷಣಕಾರರು ಅರ್ಧ ಮಾತ್ರ ಹೇಳುತ್ತಾರೆ. ಸಂವಿಧಾನದ 16ನೇ ವಿಧಿ ಸರಕಾರಿ ಉದ್ಯೋಗದ ಕುರಿತಾದದ್ದು. ಅದು ಪ್ರಭುತ್ವವನ್ನು ಕಟ್ಟಿಹಾಕುತ್ತದೆ, ಪೇಟೆಯ ಅಂಗಡಿಕಾರನನ್ನಲ್ಲ. ಖಾಸಗಿ ಉದ್ಯೋಗದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ನೇರವಾಗಿ ನಿಷೇಧಿಸಿ, ನೊಂದವನಿಗೆ ಪರಿಹಾರ ಕೊಡಿಸುವ ಸಮಗ್ರ ಕಾನೂನು ಈ ದೇಶದಲ್ಲಿಲ್ಲ. ಅಂಗವಿಕಲರಿಗೆ 2016ರ ಕಾಯ್ದೆಯಿದೆ, ಎಚ್‌ಐವಿ ಪೀಡಿತರಿಗೆ 2017ರದ್ದಿದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದ್ದಿದೆ. ಇರಬೇಕಾದದ್ದೇ. 2019ರ ವೇತನ ಸಂಹಿತೆ ಸಹ ತಾರತಮ್ಯ ಕೂಡದೆನ್ನುವುದು ಲಿಂಗದ ವಿಷಯದಲ್ಲಿ ಮಾತ್ರ. ಧರ್ಮದ ವಿಷಯ ಬಂದಾಗ ಶಾಸನಸಭೆಗಳು ಮೌನ.

ಈ ಮೌನ ಅರಿವಿಲ್ಲದೆ ಆದದ್ದೂ ಅಲ್ಲ. 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿದ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕೆಂದಿತು. ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರು 2008ರಲ್ಲಿ ಅದರ ರೂಪರೇಷೆಯನ್ನೂ ಕೊಟ್ಟರು. ಯುಪಿಎ ಸರಕಾರ ಆರು ವರ್ಷ ಕಡತವನ್ನು ಮೇಜಿನಿಂದ ಮೇಜಿಗೆ ಅಲೆಸಿ, 2014ರ ಫೆಬ್ರವರಿಯಲ್ಲಿ, ಚುನಾವಣೆ ಹೊಸ್ತಿಲಲ್ಲಿರುವಾಗ ಸಂಪುಟದ ಒಪ್ಪಿಗೆ ನೀಡಿತು. ಕಾನೂನಾಗಲಿಲ್ಲ. ನಂತರ ಬಂದವರಿಂದ ನಿರೀಕ್ಷಿಸುವುದೇ ಬೇಡ. ನಮ್ಮ ಮತ ಕೇಳಲು ಬಂದ ‘ಜಾತ್ಯತೀತ’ ಪಕ್ಷಗಳನ್ನು ಆ ಆರು ವರ್ಷಗಳ ಲೆಕ್ಕ ಕೇಳಿದ ಮುಖಂಡರು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಜನ? ಇಫ್ತಾರ್ ಕೂಟದಲ್ಲಿ ಟೋಪಿ ಹಾಕಿಕೊಂಡು ಕುಳಿತ ಶಾಸಕರ ಪಕ್ಕದ ಕುರ್ಚಿಗೆ ಮಾತ್ರ ಪೈಪೋಟಿಯಿತ್ತು.

ತಾರತಮ್ಯ ನಮ್ಮ ಕಲ್ಪನೆಯೆನ್ನುವವರಿಗೆ ಒಂದು ಅಧ್ಯಯನ ಸಾಕು. ಸುಖದೇವ್ ಥೋರಟ್ ಮತ್ತು ಪಾಲ್ ಆಟೆವೆಲ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಲಾಗಿತ್ತು. ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಮುಸ್ಲಿಂ ಹೆಸರಿನ ಅರ್ಜಿದಾರನಿಗೆ ಕರೆ ಬರುವ ಸಂಭಾವ್ಯತೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ದಲಿತ ಹೆಸರುಗಳಿಗೂ ಅನ್ಯಾಯವಾಗಿತ್ತು, ನಮ್ಮಷ್ಟಲ್ಲ. ಆದರೆ ಹೀಗೆ ಕರೆ ಬಾರದೆ ಉಳಿದವನು ಯಾವ ನ್ಯಾಯಾಲಯದಲ್ಲಿ ಏನೆಂದು ಸಾಬೀತುಪಡಿಸಬಲ್ಲ?

ಒಮ್ಮೆ ಸಾಬೀತಾಗುವ ಹಂತಕ್ಕೆ ಬಂದಿತ್ತು. 2015ರ ಮೇ ತಿಂಗಳಲ್ಲಿ ಮುಂಬಯಿಯ ವಜ್ರ ರಫ್ತು ಕಂಪೆನಿಯೊಂದು ಮುಸ್ಲಿಂ ಪದವೀಧರನೊಬ್ಬನಿಗೆ, ನಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುತ್ತೇವೆಂಬ ಅರ್ಥದ ಇ-ಮೇಲ್ ಕಳುಹಿಸಿತು. ದೇಶವೇ ಅದನ್ನು ಓದಿತು. ಪೊಲೀಸರು ದಂಡ ಸಂಹಿತೆಯ 153ಬಿ ಕಲಮಿನಡಿ ಪ್ರಕರಣ ದಾಖಲಿಸಿದರು. ಈಗ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 197ನೇ ಕಲಮಿನಲ್ಲಿದೆ. ಕಂಪೆನಿಯವರು ಇದು ಕೆಳಗಿನ ಸಿಬ್ಬಂದಿಯ ತಪ್ಪೆಂದರು. ಪ್ರಕರಣದ ಹಿರಿಮೆ ತಾರತಮ್ಯ ನಡೆದದ್ದರಲ್ಲಿಲ್ಲ, ಅದು ಪ್ರತಿದಿನ ನಡೆಯುತ್ತದೆ. ಯಾರೋ ಅಜಾಗರೂಕತೆಯಿಂದ ಅದನ್ನು ಬರೆದು ಕಳುಹಿಸಿದ್ದರಲ್ಲಿದೆ. ಬರೆಯದೆ ದೂರವಾಣಿಯಲ್ಲಿ ಹೇಳಿದ್ದರೆ ಆ ಯುವಕನಿಗೂ ಶಿರಾದ ಲೆಕ್ಕಿಗನಿಗೂ ಏನೂ ವ್ಯತ್ಯಾಸವಿರುತ್ತಿರಲಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೆ? ಬೇಡ. ಮನಸ್ಸಿನಲ್ಲಿರುವ ದ್ವೇಷವನ್ನು ನ್ಯಾಯಾಲಯದಲ್ಲಿ ಬಿಚ್ಚಿ ತೋರಿಸುವುದು ಕಷ್ಟ. ನೋಟಿಸು ಕೊಡದೆ ಓಡಿಸಿದ್ದನ್ನು ತೋರಿಸುವುದು ಸುಲಭ. ಗೆಲ್ಲಬಹುದಾದ ನೆಲದ ಮೇಲೆ ನಿಂತು ಹೋರಾಡಬೇಕು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಮನ್ನು ನಮ್ಮ ಪ್ರತಿ ಮನೆಯವರೂ ತಿಳಿದಿರಬೇಕು. ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದವನನ್ನು ಸಮಂಜಸ ಕಾರಣವಿಲ್ಲದೆ, ಕನಿಷ್ಠ ಒಂದು ತಿಂಗಳ ನೋಟಿಸಿಲ್ಲದೆ ತೆಗೆಯುವಂತಿಲ್ಲ; ತೆಗೆದರೆ ಮೇಲ್ಮನವಿ ಉಂಟು. ಅದೇ ಕಾಯ್ದೆಯಡಿ ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯ. ಈ ಕಲಮು ನಿಮ್ಮ ಧರ್ಮವನ್ನೂ ಕೇಳುವುದಿಲ್ಲ, ಮಾಲೀಕನ ಮನಸ್ಸನ್ನೂ ಕೇಳುವುದಿಲ್ಲ. ಕಾರಣವೇನು, ನೋಟಿಸೆಲ್ಲಿ ಎಂದಷ್ಟೇ ಕೇಳುತ್ತದೆ.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಕೈಗಾರಿಕಾ ವಿವಾದ ಕಾಯ್ದೆ, ಕನಿಷ್ಠ ವೇತನ ಕಾಯ್ದೆ ಮೊದಲಾದ ಹಳೆಯ ಕಾನೂನುಗಳ ಜಾಗ ತುಂಬಿವೆ. ಮಾಲೀಕರಿಗೆ ಅನುಕೂಲ ಮಾಡಿಕೊಟ್ಟ ಅಂಶಗಳು ಅವುಗಳಲ್ಲಿ ಹೇರಳವಾಗಿವೆ. ಮುನ್ನೂರು ಕಾರ್ಮಿಕರಿಗಿಂತ ಕಡಿಮೆಯಿರುವ ಕಾರ್ಖಾನೆ ಸರಕಾರದ ಅನುಮತಿಯಿಲ್ಲದೆ ಜನರನ್ನು ಕಡಿತಗೊಳಿಸಬಹುದು, ಹಿಂದೆ ಈ ಮಿತಿ ನೂರಾಗಿತ್ತು. ಕಾರ್ಮಿಕ ಸಂಘಟನೆಗಳ ವಿರೋಧ ನ್ಯಾಯವಾದದ್ದೇ. ಹಾಗಿದ್ದೂ ಉಳಿದುಕೊಂಡ ಹಕ್ಕುಗಳನ್ನು ಬಳಸದಿರುವುದು ಮೂರ್ಖತನ. ಪ್ರತಿಯೊಬ್ಬ ನೌಕರನಿಗೆ ನೇಮಕಾತಿ ಪತ್ರ ಕೊಡಬೇಕೆಂದು ವೃತ್ತಿ ಸುರಕ್ಷತೆಯ ಸಂಹಿತೆ ಹೇಳುತ್ತದೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ದಿನದೊಳಗೆ, ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಬಾಕಿ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕೆಂದು ವೇತನ ಸಂಹಿತೆ ವಿಧಿಸುತ್ತದೆ. ಕೊಟ್ಟಿಲ್ಲವೆಂದು ನೌಕರ ದೂರಿದರೆ, ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಮಾಲೀಕನದು. ದೂರು ಸಲ್ಲಿಸಲು ಮೂರು ವರ್ಷ ಅವಕಾಶ. ಒಂದು ವರ್ಷದ ನಿರಂತರ ಸೇವೆಯುಳ್ಳ ಕಾರ್ಮಿಕನನ್ನು ಕಡಿತಗೊಳಿಸುವುದಾದರೆ ತಿಂಗಳ ನೋಟಿಸು ಇಲ್ಲವೇ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನಗಳ ವೇತನ. ಅರ್ಹತೆ ನೋಡದೆ ಒಂದು ಗುಂಪಿನವರಿಗೆ ಪಕ್ಷಪಾತ ತೋರುವುದನ್ನೂ, ವರ್ಷಗಟ್ಟಲೆ ‘ತಾತ್ಕಾಲಿಕ’ವೆಂದೇ ಇಟ್ಟುಕೊಳ್ಳುವುದನ್ನೂ ಹಳೆಯ ಕಾಯ್ದೆ ಅನುಚಿತ ಕಾರ್ಮಿಕ ನಡವಳಿಕೆಯೆಂದಿತ್ತು, ಹೊಸ ಸಂಹಿತೆಯೂ ಹಾಗೆಯೇ ಎನ್ನುತ್ತದೆ. ಧರ್ಮದ ಹೆಸರೆತ್ತದೆ ತಾರತಮ್ಯವನ್ನು ಹಿಡಿಯಬಹುದಾದ ಕೊಕ್ಕೆ ಇದು.

ಹೆಣ್ಣುಮಕ್ಕಳ ವಿಷಯ ಒಂದು ಮಾತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಿದೆ. ಹತ್ತು ಮಂದಿಯಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕದಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಗಾರ್ಮೆಂಟ್ಸ್‌ಗೆ ಹೋಗುವ ಮಗಳು ಮೇಲ್ವಿಚಾರಕನ ಕುರಿತು ಮನೆಯಲ್ಲಿ ಬಾಯಿ ಬಿಟ್ಟರೆ ನಾವು ಮಾಡುವುದೇನು? ‘ನಾಳೆಯಿಂದ ಹೋಗಬೇಡ’ ಎನ್ನುತ್ತೇವೆ. ತಪ್ಪಿತಸ್ಥ ಅಲ್ಲೇ ಉಳಿಯುತ್ತಾನೆ. ಅವಳ ಸಂಬಳ ನಿಲ್ಲುತ್ತದೆ. ಇದನ್ನು ಇಜ್ಜತ್ ಎಂದು ಕರೆಯುತ್ತೇವೆ.

ಕೆಲವರು ಇದೆಲ್ಲಕ್ಕೂ ಒಂದೇ ಉತ್ತರ ಇಟ್ಟುಕೊಂಡಿರುತ್ತಾರೆ: ರಿಝ್ಕ್ ಅಲ್ಲಾಹನ ಕೈಯಲ್ಲಿದೆ, ಸಬ್ರ್ ಮಾಡು. ಮೊದಲನೆಯದು ನಮ್ಮ ವಿಶ್ವಾಸ. ಆದರೆ ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡಲು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವ ವಿಷಯದ ಕುರಿತದ್ದು? ಅಲ್ ಬಕರಃ ಅಧ್ಯಾಯದ 282ನೆಯದು. ಅವಧಿಯುಳ್ಳ ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ, ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸದಿರುವ ಕುರಿತದ್ದು. ಬರವಣಿಗೆಗೆ ಇಷ್ಟು ಸ್ಥಾನ ಕೊಟ್ಟ ಗ್ರಂಥದ ಸಮುದಾಯದಲ್ಲಿ ಬಾಯಿಮಾತೇ ಕಾನೂನಾಗಿರುವುದು ಎಂಥ ವಿಪರ್ಯಾಸ!

ಇನ್ನು ನಮ್ಮ ಮನೆಯೊಳಗೆ ನೋಡೋಣ. ನಾವು ತಾರತಮ್ಯದ ಕುರಿತು ಮಾತನಾಡುವಾಗ ಮಾಲೀಕನೆಂದರೆ ಬೇರೆ ಸಮುದಾಯದವನು, ನೌಕರನೆಂದರೆ ನಮ್ಮವನು ಎಂದು ಭಾವಿಸುತ್ತೇವೆ. ನಮ್ಮ ಗ್ಯಾರೇಜು, ಗುಜರಿ ಅಂಗಡಿ, ಬೇಕರಿ, ಚಪ್ಪಲಿ ಅಂಗಡಿಗಳಲ್ಲಿ ದುಡಿಯುವ ಹುಡುಗರು ಯಾರು? ಅವರಲ್ಲಿ ಎಷ್ಟು ಜನರ ಕೈಯಲ್ಲಿ ನೇಮಕಾತಿ ಪತ್ರವಿದೆ? ‘ನಮ್ಮ ಹುಡುಗನೇ’ ಎಂಬ ಪ್ರೀತಿಯ ಮಾತಿನ ಅಡಿಯಲ್ಲಿ ರಾತ್ರಿ ಹತ್ತರವರೆಗೆ ದುಡಿಸಿ, ಈದ್‌ಗೆ ಒಂದು ಜೊತೆ ಬಟ್ಟೆ ಕೊಟ್ಟು ಬೋನಸ್ ಮುಗಿಸುವವರನ್ನು ನಾವು ಕಂಡಿದ್ದೇವೆ. ಮದ್ರಸಾದಲ್ಲಿ ಫಿಕ್ಹ್ ಓದಿದ ಯಾವ ವಿದ್ಯಾರ್ಥಿಗೂ ಇಜಾರಾದ ಅಧ್ಯಾಯ ಗೊತ್ತು: ಕೆಲಸವೂ ಕೂಲಿಯೂ ಇಂತಿಷ್ಟೆಂದು ಮೊದಲೇ ತಿಳಿದಿರದ ಕರಾರು ಊರ್ಜಿತವಲ್ಲ. ‘ಕೆಲಸ ನೋಡಿ ಕೊಡೋಣ’ ಎಂಬ ನಮ್ಮ ಪೇಟೆಯ ಪದ್ಧತಿ ಕಾರ್ಮಿಕ ಕಾನೂನಿಗಿಂತ ಮುಂಚೆಯೇ ಶರೀಅತ್‌ನಲ್ಲಿ ದೋಷಪೂರ್ಣ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್‌ನ ದಿನ ಸ್ವತಃ ಅಲ್ಲಾಹನೇ ಪ್ರತಿವಾದಿಯಾಗುವನೆಂದು ಬುಖಾರಿಯ ಹದೀಸಿನಲ್ಲಿದೆ. ಅಲ್ಲಿ ಮಾಲೀಕನ ಧರ್ಮ ಯಾವುದೆಂಬ ವಿನಾಯಿತಿಯಿಲ್ಲ.

ಪೇಶ್ ಇಮಾಮರ ಸ್ಥಿತಿ ಇನ್ನೂ ಹೀನ. ದತ್ತಿ ಹಾಗೂ ಸೇವಾ ಸಂಸ್ಥೆಗಳನ್ನು ಹೊಸ ಸಂಹಿತೆ ‘ಕೈಗಾರಿಕೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಇಮಾಮರಿಗೂ ಮುಅಝ್ಝಿನರಿಗೂ ಕಾರ್ಮಿಕ ನ್ಯಾಯಾಲಯದ ಬಾಗಿಲು ಸುಲಭಕ್ಕೆ ತೆರೆಯದು. 1993ರಲ್ಲಿ ಸುಪ್ರೀಂ ಕೋರ್ಟು ಇಮಾಮರ ವೇತನದ ಹಕ್ಕನ್ನು ಎತ್ತಿಹಿಡಿದಿತ್ತು. ರಾಜ್ಯದ 2025-26ರ ಬಜೆಟ್ಟಿನಲ್ಲಿ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೂ ಮುಅಝ್ಝಿನರದನ್ನು 5,000ಕ್ಕೂ ಏರಿಸುವ ಘೋಷಣೆಯಾಯಿತು. ವಿರೋಧಿಗಳು ಓಲೈಕೆಯೆಂದು ಕೂಗಿದರು. ಅದೇ ಬಜೆಟ್ಟಿನಲ್ಲಿ ಜೈನ ಅರ್ಚಕರಿಗೂ ಸಿಖ್ ಗ್ರಂಥಿಗಳಿಗೂ ಏರಿಕೆಯಿತ್ತೆಂಬುದನ್ನು ಅವರು ಹೇಳಲಿಲ್ಲ. ಆರು ಸಾವಿರದಲ್ಲಿ ಒಂದು ಸಂಸಾರ ನಡೆಯುವುದೇ ಎಂದು ನಾವೂ ಕೇಳಲಿಲ್ಲ. ಸರಕಾರ ಕೊಡುತ್ತದಲ್ಲ ಎಂದು ಕಮಿಟಿಯವರು ತಮ್ಮ ಪಾಲನ್ನು ಕಡಿಮೆ ಮಾಡಿದರೆ ಆಶ್ಚರ್ಯವಿಲ್ಲ. ಮುತವಲ್ಲಿಗೆ ಇಷ್ಟವಾಗದ ಬಯಾನ್ ಮಾಡಿದ ಇಮಾಮ್ ಇಶಾ ನಮಾಝಿನ ನಂತರ ಪೆಟ್ಟಿಗೆ ಕಟ್ಟಬೇಕಾಗಿ ಬರುವುದು ನಮ್ಮ ಊರುಗಳಿಗೆ ಹೊಸತಲ್ಲ. ನೋಟಿಸು? ಕಾರಣ? ವಿಚಾರಣೆ? ಖಾಸಗಿ ಕಾಲೇಜಿನ ಆಡಳಿತ ಮಂಡಳಿಯಿಂದ ನಾವು ಏನನ್ನು ಬಯಸುತ್ತೇವೋ ಅದನ್ನೇ ನಮ್ಮ ಮಸೀದಿ ಕಮಿಟಿಗಳು ಕೊಡುತ್ತಿಲ್ಲ.

ಮಾಡಬೇಕಾದದ್ದು ದೊಡ್ಡ ಕ್ರಾಂತಿಯಲ್ಲ. ‘ಬರಬೇಡ’ ಎಂದು ಹೇಳಿದ ದಿನವೇ ಮನೆಗೆ ಬಂದು ಅಳುವ ಬದಲು, ‘ಇಂದು ಇಂತಿಷ್ಟು ಗಂಟೆಗೆ ತಾವು ನನಗೆ ಹೀಗೆ ಹೇಳಿದಿರಿ, ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ತಮ್ಮ ಆದೇಶವನ್ನು ಬರವಣಿಗೆಯಲ್ಲಿ ತಿಳಿಸಿ’ ಎಂಬ ನಾಲ್ಕು ಸಾಲಿನ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬೇಕು. ಸ್ವೀಕೃತಿ ಚೀಟಿ ಜೋಪಾನವಾಗಿಡಬೇಕು. ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ, ಗೇಟ್ ಪಾಸ್, ಮೇಲ್ವಿಚಾರಕನ ಸಂದೇಶ, ಹಾಜರಿ ಪುಟದ ಚಿತ್ರ, ಎಲ್ಲವೂ ಸಾಕ್ಷ್ಯ. ವಕೀಲರಿಗೆ ಕೊಡಲು ಹಣವಿಲ್ಲವೆಂಬ ನೆಪ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ; ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಗೆ ಅರ್ಜಿ ಕೊಟ್ಟರಾಯಿತು, 15100 ಸಂಖ್ಯೆಗೆ ಕರೆ ಮಾಡಿದರೂ ಆಯಿತು. ವಜಾ ಪ್ರಕರಣವನ್ನು ಸಂಧಾನಾಧಿಕಾರಿಯ ಮುಂದೆ ತರಲು ಎರಡು ವರ್ಷದ ಗಡುವಿದೆ. ಹಿಂದೆ ಮೂರು ವರ್ಷವಿದ್ದದ್ದನ್ನು ಹೊಸ ಸಂಹಿತೆ ಕುಗ್ಗಿಸಿದೆ. ಹಿರಿಯರ ಪಂಚಾಯಿತಿ, ಶಾಸಕರ ಮನೆಯ ಪಡಸಾಲೆ, ‘ಮಾತನಾಡೋಣ ಬಿಡಿ’ ಎನ್ನುವ ಮುಖಂಡರ ಮಧ್ಯಸ್ಥಿಕೆಗಳಲ್ಲೇ ಈ ಎರಡು ವರ್ಷ ಸವೆದುಹೋಗುವುದನ್ನು ನಾವು ನೋಡಿದ್ದೇವೆ.

ಅರ್ಜಿ ಬರೆಯಬಲ್ಲ ಪದವೀಧರನೊಬ್ಬನನ್ನು ವಾರಕ್ಕೊಂದು ಸಂಜೆ ಮಸೀದಿಯ ಕೋಣೆಯಲ್ಲಿ ಕೂರಿಸುವುದು ಈ ನಾಲ್ಕು ಊರುಗಳ ಜಮಾಅತ್‌ಗಳಿಗೆ ಅಸಾಧ್ಯವೇ? ಧರ್ಮ ಯಾವುದೆಂದು ಕೇಳದೆ, ಬಂದ ಪ್ರತಿ ಕೂಲಿಯವನಿಗೂ ಅವನು ಬರೆದುಕೊಡಲಿ. ಅದಕ್ಕೂ ಮೊದಲು ಬರುವ ಜುಮಾದ ನಂತರ ಕಮಿಟಿಯ ಕಾರ್ಯದರ್ಶಿಯವರ ಬಳಿ ಹೋಗಿ, ನಮ್ಮ ಇಮಾಮರಿಗೂ ಮುಅಝ್ಝಿನರಿಗೂ ಕೊಟ್ಟಿರುವ ನೇಮಕಾತಿ ಪತ್ರದ ಪ್ರತಿಯನ್ನು ತೋರಿಸಿ ಎಂದು ಕೇಳಿ.